ದಾಂಪತ್ಯದ ಲೈಂಗಿಕ ತೊಂದರೆಗಳು: ಸಂಕೋಚ ಬಿಡಿ, ಚಿಕಿತ್ಸೆ ಇದೆ

ಜ್ವರ, ಕೆಮ್ಮು, ಹೊಟ್ಟೆನೋವು ಬಂದರೆ ನಾವು ತಡಮಾಡದೆ ಡಾಕ್ಟರ ಹತ್ತಿರ ಹೋಗುತ್ತೇವೆ. ಸಕ್ಕರೆ ಕಾಯಿಲೆ ಇದ್ದರೆ ನೆಂಟರಿಷ್ಟರ ಎದುರಿನಲ್ಲೇ ಹೇಳಿಕೊಳ್ಳುತ್ತೇವೆ. ಆದರೆ ಗಂಡ ಹೆಂಡಿರ ದೈಹಿಕ ಸಂಬಂಧದಲ್ಲಿ ತೊಂದರೆ ಬಂದಾಗ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ವರ್ಷಗಟ್ಟಲೆ ಒಳಗೊಳಗೇ ನೋಯುವವರಿದ್ದಾರೆ. ಗೋಡೆಯ ಮೇಲಿನ ಜಾಹೀರಾತು ನೋಡಿ ಸಾವಿರಾರು ರೂಪಾಯಿ ಕಳೆದುಕೊಂಡವರಿದ್ದಾರೆ. ಗುಣವಾಗಬಹುದಾಗಿದ್ದ ತೊಂದರೆಗಾಗಿ ಮದುವೆಯನ್ನೇ ಮುರಿದುಕೊಂಡವರೂ ಇದ್ದಾರೆ.

ಇಂಥ ತೊಂದರೆಗಳಿಗೆ ಶಾಸ್ತ್ರೀಯವಾದ, ಸರಳವಾದ ಚಿಕಿತ್ಸೆ ಇದೆ. ಅದನ್ನು ಲೈಂಗಿಕ ಚಿಕಿತ್ಸೆ ಅಥವಾ ಸೆಕ್ಸ್ ಥೆರಪಿ ಎನ್ನುತ್ತಾರೆ. ಹೆಸರು ಕೇಳಿದೊಡನೆ ನಾಚಿಕೆಯಾಗುವುದು ಸಹಜ. ಅದು ಏನು, ಏನಲ್ಲ, ಯಾರಿಗೆ ಬೇಕು, ಹೇಗೆ ನಡೆಯುತ್ತದೆ, ಭಟ್ಕಳ, ಹೊನ್ನಾವರ, ಕುಮಟಾ ಭಾಗದವರು ಎಲ್ಲಿ ವಿಚಾರಿಸಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ. ರೋಗಿಗಳಷ್ಟೇ ಅಲ್ಲ, ಜೊತೆಗೆ ಬಂದ ಮನೆಯವರೂ ಓದಬೇಕೆಂದು ವಿನಂತಿ.

ಇದು ಎಷ್ಟು ಜನರಿಗೆ ಇರುತ್ತದೆ?

"ಇಂಥದ್ದು ನನಗೊಬ್ಬನಿಗೇ", "ನನಗೊಬ್ಬಳಿಗೇ" ಎಂದು ಪ್ರತಿಯೊಬ್ಬರೂ ಭಾವಿಸುತ್ತಾರೆ. ವಾಸ್ತವ ಬೇರೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಮನೋವೈದ್ಯ ಡಾ. ಟಿ.ಎಸ್. ಸತ್ಯನಾರಾಯಣ ರಾವ್ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣ ಭಾರತದ ಹಳ್ಳಿಗಾಡಿನ ಜನರಲ್ಲಿ ನಡೆಸಿದ ಸಮೀಕ್ಷೆ 2015ರಲ್ಲಿ ಭಾರತೀಯ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಗಂಡಸರಲ್ಲಿ ಶೇಕಡಾ 21ರಷ್ಟು, ಹೆಂಗಸರಲ್ಲಿ ಶೇಕಡಾ 14ರಷ್ಟು ಜನರಿಗೆ ಒಂದಲ್ಲ ಒಂದು ಲೈಂಗಿಕ ತೊಂದರೆ ಇತ್ತು. ಅಂದರೆ ಐವರು ಗಂಡಸರಲ್ಲಿ ಒಬ್ಬರಿಗೆ, ಏಳು ಹೆಂಗಸರಲ್ಲಿ ಒಬ್ಬರಿಗೆ. ಗಂಡಸರಲ್ಲಿ ನಿಮಿರುವಿಕೆಯ ತೊಂದರೆಯೂ ಶೀಘ್ರ ಸ್ಖಲನವೂ ಹೆಚ್ಚು. ಹೆಂಗಸರಲ್ಲಿ ಆಸಕ್ತಿ ಕುಂದುವುದು, ಉದ್ರೇಕವಾಗದಿರುವುದು, ತೃಪ್ತಿ ಸಿಗದಿರುವುದು ಹೆಚ್ಚು. ನೀವು ಒಬ್ಬಂಟಿಯಲ್ಲ ಎಂಬುದನ್ನು ಮೊದಲು ಮನಗಾಣಿರಿ.

ಕನ್ನಡದಲ್ಲಿ ಈ ವಿಷಯ ಹೊಸದೂ ಅಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934–1991) ಅವರು 'ದಾಂಪತ್ಯ ದೀಪಿಕೆ' ಎಂಬ ಪುಸ್ತಕವನ್ನೇ ಬರೆದಿದ್ದರು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ತೊಂದರೆಗಳ ಬಗ್ಗೆ ಸರಳ ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ಬರೆದು ಜನರಲ್ಲಿ ಧೈರ್ಯ ತುಂಬಿದ್ದಾರೆ.

ಲೈಂಗಿಕ ಚಿಕಿತ್ಸೆ ಎಂದರೇನು?

ಇದು ಮುಖ್ಯವಾಗಿ ಮಾತಿನ ಚಿಕಿತ್ಸೆ. ತರಬೇತಿ ಪಡೆದ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು ಒಬ್ಬರೊಂದಿಗೆ ಅಥವಾ ದಂಪತಿಗಳೊಂದಿಗೆ ಕುಳಿತು ತೊಂದರೆ ಏನು, ಯಾವಾಗ ಶುರುವಾಯಿತು, ಯಾವುದರಿಂದ ಹೆಚ್ಚುತ್ತದೆ ಎಂದು ವಿಚಾರಿಸುತ್ತಾರೆ. ತಪ್ಪು ತಿಳಿವಳಿಕೆ ಇದ್ದರೆ ಸರಿಪಡಿಸುತ್ತಾರೆ. ಮನೆಯಲ್ಲಿ, ತಮ್ಮ ಕೋಣೆಯಲ್ಲಿ, ದಂಪತಿಗಳಷ್ಟೇ ಮಾಡಬೇಕಾದ ಕೆಲವು ಅಭ್ಯಾಸಗಳನ್ನು ಹೇಳಿಕೊಡುತ್ತಾರೆ. ಅಗತ್ಯವಿದ್ದರೆ ಇತರ ವೈದ್ಯರ ಜೊತೆ ಸೇರಿ ಔಷಧವನ್ನೂ ಕೊಡುತ್ತಾರೆ.

ಈ ಪದ್ಧತಿಗೆ ಈಗಿನ ರೂಪ ಕೊಟ್ಟವರು ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಸಂಶೋಧಕರು. 1970ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಒತ್ತಿಹೇಳಿದ ಮಾತು ಇಂದಿಗೂ ನಿಜ: ತೊಂದರೆ ಗಂಡನದ್ದೂ ಅಲ್ಲ, ಹೆಂಡತಿಯದ್ದೂ ಅಲ್ಲ, ಅದು ಅವರಿಬ್ಬರ ಸಂಬಂಧದ್ದು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಇಬ್ಬರೂ ಬರಬೇಕು.

ಏನಲ್ಲ ಎಂಬುದೂ ಸ್ಪಷ್ಟವಿರಲಿ. ಚಿಕಿತ್ಸಕರು ರೋಗಿಯನ್ನು ಲೈಂಗಿಕವಾಗಿ ಮುಟ್ಟುವುದಿಲ್ಲ. ತಮ್ಮೆದುರು ಏನನ್ನೂ ಮಾಡಿ ತೋರಿಸಲು ಹೇಳುವುದಿಲ್ಲ. ಅಶ್ಲೀಲ ಚಿತ್ರ ನೋಡಲು ಒತ್ತಾಯಿಸುವುದಿಲ್ಲ. ದೇಹದ ಪರೀಕ್ಷೆ ಬೇಕಾದರೆ ಅದನ್ನು ವೈದ್ಯರು ಒಪ್ಪಿಗೆ ಕೇಳಿ, ಕಾರಣ ತಿಳಿಸಿ ಮಾಡುತ್ತಾರೆ. ಮಹಿಳೆಯರ ಪರೀಕ್ಷೆಯ ವೇಳೆ ನರ್ಸ್ ಅಥವಾ ಮನೆಯ ಹೆಂಗಸರು ಜೊತೆಗಿರಬೇಕೆಂದು ಕೇಳುವ ಹಕ್ಕು ನಿಮಗಿದೆ. ಇದಕ್ಕೆ ವಿರುದ್ಧವಾಗಿ ಯಾರಾದರೂ ನಡೆದುಕೊಂಡರೆ ಅಲ್ಲಿಂದ ಎದ್ದು ಬನ್ನಿ.

ತೊಂದರೆಗೆ ಕಾರಣಗಳೇನು?

ದೇಹ ಮತ್ತು ಮನಸ್ಸು ಎರಡೂ ಸೇರಿ ನಡೆಯುವ ಕ್ರಿಯೆ ಇದು. ಕಾರಣಗಳೂ ಎರಡೂ ಕಡೆ ಇರುತ್ತವೆ.

ದೇಹದ ಕಾರಣಗಳು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದು, ಥೈರಾಯ್ಡ್ ತೊಂದರೆ, ಹಾರ್ಮೋನ್ ಕೊರತೆ, ಬೀಡಿ ಸಿಗರೇಟು, ಅತಿಯಾದ ಮದ್ಯಪಾನ. ಹೆಂಗಸರಲ್ಲಿ ಹೆರಿಗೆಯ ಗಾಯ, ಎದೆಹಾಲು ಕುಡಿಸುವ ಕಾಲ, ಮುಟ್ಟು ನಿಲ್ಲುವ ಕಾಲ, ಸೋಂಕು. ಕೆಲವು ಮಾತ್ರೆಗಳಿಂದಲೂ ಆಗಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳು, ಖಿನ್ನತೆಯ ಮತ್ತು ಇತರ ಮಾನಸಿಕ ಕಾಯಿಲೆಗಳ ಕೆಲವು ಮಾತ್ರೆಗಳು ಆಸಕ್ತಿ ಅಥವಾ ಶಕ್ತಿಯನ್ನು ಕುಗ್ಗಿಸುತ್ತವೆ. ಹಾಗೆಂದು ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರಿಗೆ ತಿಳಿಸಿದರೆ ಬೇರೆ ಮಾತ್ರೆಗೆ ಬದಲಿಸಬಹುದು, ಇಲ್ಲವೆ ಪ್ರಮಾಣ ಹೊಂದಿಸಬಹುದು.

ಮನಸ್ಸಿನ ಕಾರಣಗಳು: ಭಯ, ಖಿನ್ನತೆ, ಸಾಲದ ಚಿಂತೆ, ಬಾಲ್ಯದಲ್ಲಿ ನಡೆದ ದೌರ್ಜನ್ಯದ ನೆನಪು, ಗಂಡ ಹೆಂಡಿರ ನಡುವಿನ ಮುನಿಸು, ಮನೆಯಲ್ಲಿ ಏಕಾಂತವಿಲ್ಲದಿರುವುದು. ಎಲ್ಲಕ್ಕಿಂತ ದೊಡ್ಡದು "ಈ ಸಲವೂ ಆಗದಿದ್ದರೆ?" ಎಂಬ ಹೆದರಿಕೆ. ಒಮ್ಮೆ ಆಯಾಸದಿಂದಲೋ ಮದ್ಯದಿಂದಲೋ ವಿಫಲರಾದವರು ಮುಂದಿನ ಸಲ ತಮ್ಮನ್ನೇ ತಾವು ಪರೀಕ್ಷೆ ಮಾಡಿಕೊಳ್ಳತೊಡಗುತ್ತಾರೆ. ಪರೀಕ್ಷೆಯ ಭಯದಲ್ಲಿ ದೇಹ ಸಹಕರಿಸುವುದಿಲ್ಲ. ಭಯ ಇಮ್ಮಡಿಯಾಗುತ್ತದೆ. ಈ ಸುಳಿಯಿಂದ ಹೊರತರುವುದೇ ಲೈಂಗಿಕ ಚಿಕಿತ್ಸೆಯ ಮುಖ್ಯ ಕೆಲಸ.

ಗಂಡಸರಿಗೆ ಒಂದು ಎಚ್ಚರಿಕೆ. ನಿಮಿರುವಿಕೆಯ ತೊಂದರೆ ಹೃದಯದ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು. ಕೊಬ್ಬು ಕಟ್ಟತೊಡಗಿದಾಗ ಸಣ್ಣ ನಾಳದಲ್ಲಿ ಮೊದಲು ತೊಂದರೆ ಕಾಣಿಸಿಕೊಳ್ಳುತ್ತದೆ. ಎದೆನೋವು ಬರುವುದಕ್ಕೆ ಕೆಲವು ವರ್ಷ ಮೊದಲೇ ಈ ಸೂಚನೆ ಸಿಗಬಹುದು. ನಲವತ್ತು ದಾಟಿದವರಲ್ಲಿ ಈ ತೊಂದರೆ ನಿಧಾನವಾಗಿ ಶುರುವಾಗಿ ಹೆಚ್ಚುತ್ತಿದ್ದರೆ, ಬೆಳಗಿನ ಜಾವದ ಸಹಜ ನಿಮಿರುವಿಕೆಯೂ ನಿಂತಿದ್ದರೆ, ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಲೇಬೇಕು. ಬೆಳಗಿನ ನಿಮಿರುವಿಕೆ ಸರಿಯಾಗಿದ್ದು, ಹೆಂಡತಿಯ ಜೊತೆ ಮಾತ್ರ ಆಗದಿದ್ದರೆ ಕಾರಣ ಹೆಚ್ಚಾಗಿ ಮನಸ್ಸಿನದ್ದು. ನಾಚಿಕೆಯಿಂದ ಮುಚ್ಚಿಟ್ಟವರು ಹೃದಯವನ್ನು ಉಳಿಸಿಕೊಳ್ಳುವ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ.

ತಪ್ಪು ನಂಬಿಕೆಗಳು

ಧಾತು ಹೋಗುತ್ತದೆ ಎಂಬ ಭಯ: ಮೂತ್ರದಲ್ಲಿ ಧಾತು ಹೋಗಿ ನಿಶ್ಶಕ್ತಿಯಾಗಿದೆ ಎಂದು ಕೊರಗುವ ಯುವಕರು ನಮ್ಮ ದೇಶದಲ್ಲಿ ಬಹಳ. ಈ ಭಯವನ್ನು ಗುರುತಿಸಿ 1960ರಲ್ಲಿ ಅದಕ್ಕೆ ವೈದ್ಯಕೀಯ ಹೆಸರು ಕೊಟ್ಟವರು ಭಾರತದ ಹೆಸರಾಂತ ಮನೋವೈದ್ಯ ಡಾ. ಎನ್.ಎನ್. ವಿಗ್. ನೂರು ಹನಿ ರಕ್ತದಿಂದ ಒಂದು ಹನಿ ವೀರ್ಯ ಎಂಬುದು ನಿಜವಲ್ಲ. ವೀರ್ಯದ ಬಹುಪಾಲು ಪ್ರಾಸ್ಟೇಟ್ ಮತ್ತು ವೀರ್ಯಕೋಶ ಗ್ರಂಥಿಗಳು ಸ್ರವಿಸುವ ದ್ರವ. ಬಾಯಲ್ಲಿ ಜೊಲ್ಲು ಊರುವಂತೆ ಅದು ಮತ್ತೆ ಮತ್ತೆ ತಯಾರಾಗುತ್ತದೆ. ಸ್ವಪ್ನಸ್ಖಲನ ಕಾಯಿಲೆಯಲ್ಲ. ಹಸ್ತಮೈಥುನದಿಂದ ಅಂಗ ಸಣ್ಣದಾಗುವುದಾಗಲಿ, ಮಕ್ಕಳಾಗದಿರುವುದಾಗಲಿ ಇಲ್ಲ. ಇಂಥವರ ನಿಶ್ಶಕ್ತಿಗೆ ಅನೇಕ ಸಲ ಚಿಂತೆ ಅಥವಾ ಖಿನ್ನತೆಯೇ ಕಾರಣ. ಅದಕ್ಕೆ ಚಿಕಿತ್ಸೆ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ. ಜೀವ ಬೇಡವೆನಿಸುವಷ್ಟು ಕೊರಗಿದ್ದರೆ ಒಂದು ದಿನವೂ ತಡಮಾಡಬಾರದು.

ಬಿಳಿ ಸೆರಗು: ತುಸು ನೀರಾದ, ವಾಸನೆಯಿಲ್ಲದ ಸ್ರಾವ ಹೆಂಗಸರಿಗೆ ಸಹಜ. ಅದರಿಂದ ಮೂಳೆ ಸವೆಯುವುದಿಲ್ಲ, ಶಕ್ತಿ ಕರಗುವುದಿಲ್ಲ. ತುರಿಕೆ, ದುರ್ವಾಸನೆ, ಮೊಸರಿನಂತೆ ಗಟ್ಟಿ ಸ್ರಾವ, ರಕ್ತದ ಬಣ್ಣ ಇದ್ದರೆ ಮಾತ್ರ ಪರೀಕ್ಷೆ ಬೇಕು.

ಎಷ್ಟು ಹೊತ್ತು ಎಂಬ ಲೆಕ್ಕ: ಸಿನಿಮಾ, ಮೊಬೈಲ್ ನೋಡಿ ಗಂಟೆಗಟ್ಟಲೆ ನಡೆಯಬೇಕೆಂದು ಭಾವಿಸುವವರಿದ್ದಾರೆ. ಐದು ದೇಶಗಳ ದಂಪತಿಗಳಲ್ಲಿ ಸಮಯ ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡ ಮಧ್ಯದ ಅಂಕಿ ಐದೂವರೆ ನಿಮಿಷಕ್ಕಿಂತಲೂ ಕಡಿಮೆ. ಮದುವೆಯಾದಾಗಿನಿಂದಲೂ ಸುಮಾರು ಒಂದು ನಿಮಿಷದೊಳಗೇ ಮುಗಿದು, ತಡೆಹಿಡಿಯಲಾಗದೆ, ಅದರಿಂದ ದುಃಖವಾಗುತ್ತಿದ್ದರೆ ಅದನ್ನು ಶೀಘ್ರ ಸ್ಖಲನ ಎನ್ನುತ್ತಾರೆ. ನಾಲ್ಕೈದು ನಿಮಿಷಕ್ಕೆ ಮುಗಿಯುವುದು ಕಾಯಿಲೆಯಲ್ಲ.

ಮೊದಲ ರಾತ್ರಿಯ ರಕ್ತ: ಮೊದಲ ಸಲ ರಕ್ತ ಬರದಿದ್ದರೆ ಹೆಣ್ಣಿನ ಮೇಲೆ ಸಂಶಯಪಡುವುದು ದೊಡ್ಡ ಅನ್ಯಾಯ. ಕನ್ಯಾಪೊರೆ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುತ್ತದೆ. ಅನೇಕರಿಗೆ ರಕ್ತ ಬರುವುದೇ ಇಲ್ಲ.

"ನೋವಾದರೂ ಸಹಿಸಿಕೊಳ್ಳಬೇಕು": ಖಂಡಿತ ಬೇಡ. ಪದೇ ಪದೇ ನೋವಾಗುತ್ತಿದ್ದರೆ ಅದಕ್ಕೆ ಕಾರಣವಿದೆ, ಚಿಕಿತ್ಸೆಯೂ ಇದೆ. ನೋವಿನಲ್ಲೂ ಮುಂದುವರಿಸಿದರೆ ದೇಹ ಮುಂದಿನ ಸಲ ಇನ್ನಷ್ಟು ಬಿಗಿಯಾಗುತ್ತದೆ.

ಚಿಕಿತ್ಸೆ ಹೇಗೆ ನಡೆಯುತ್ತದೆ?

ಚಿಕಿತ್ಸೆಯನ್ನು ನಾಲ್ಕು ಮೆಟ್ಟಿಲಾಗಿ ನೋಡಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾಕ್ ಆನನ್ 1976ರಲ್ಲಿ ಹೇಳಿದ ಕ್ರಮ ಇದು. ಮೊದಲನೆಯದು, ಮನಸ್ಸು ಬಿಚ್ಚಿ ಮಾತಾಡಲು ಅವಕಾಶ. ಎರಡನೆಯದು, ಸರಿಯಾದ ತಿಳಿವಳಿಕೆ. ಮೂರನೆಯದು, ಆ ದಂಪತಿಗಳಿಗೆ ಒಪ್ಪುವ ನಿರ್ದಿಷ್ಟ ಸಲಹೆ, ಅಭ್ಯಾಸ. ನಾಲ್ಕನೆಯದು, ತಜ್ಞರಿಂದ ದೀರ್ಘ ಚಿಕಿತ್ಸೆ. ಎಷ್ಟೋ ಜನರ ತೊಂದರೆ ಮೊದಲ ಮೂರು ಮೆಟ್ಟಿಲಲ್ಲೇ ನೀಗುತ್ತದೆ. ಎಲ್ಲರಿಗೂ ದೊಡ್ಡ ಊರಿನ ತಜ್ಞರೇ ಬೇಕೆಂದಿಲ್ಲ.

ಮೊದಲ ಭೇಟಿಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ, ಆಮೇಲೆ ಬೇರೆ ಬೇರೆಯಾಗಿ ಮಾತಾಡಿಸುತ್ತಾರೆ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವುದಿಲ್ಲ. ಅಗತ್ಯಕ್ಕೆ ತಕ್ಕಂತೆ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಮುಂದೆ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಭೇಟಿ. ಕೆಲವರಿಗೆ ನಾಲ್ಕಾರು ಭೇಟಿ ಸಾಕು, ಕೆಲವರಿಗೆ ಕೆಲವು ತಿಂಗಳು ಬೇಕು.

ಸ್ಪರ್ಶದ ಅಭ್ಯಾಸ: ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಮುಖ್ಯ ಅಭ್ಯಾಸ ಇದು. ಮೊದಲ ಹಂತದಲ್ಲಿ ಸಂಭೋಗಕ್ಕೆ ಚಿಕಿತ್ಸಕರೇ ತಡೆ ಹಾಕುತ್ತಾರೆ. ದಂಪತಿಗಳು ದಿನ ಬಿಟ್ಟು ದಿನ ಅರ್ಧ ತಾಸು ಏಕಾಂತದಲ್ಲಿದ್ದು ಕೈ, ಬೆನ್ನು, ತಲೆ, ಕಾಲುಗಳನ್ನು ಸರದಿಯಂತೆ ಮೃದುವಾಗಿ ಸವರಬೇಕು. ಗುಪ್ತಾಂಗ, ಎದೆಯನ್ನು ಮುಟ್ಟುವಂತಿಲ್ಲ. ಹಿತವಾದದ್ದು, ಆಗದ್ದು ಬಾಯಿಬಿಟ್ಟು ಹೇಳಬೇಕು. ಎರಡನೆಯ ಹಂತದಲ್ಲಿ ಎಲ್ಲ ಅಂಗಗಳ ಸ್ಪರ್ಶಕ್ಕೆ ಅವಕಾಶ, ಆದರೆ ಉದ್ರೇಕವಾಗಲೇಬೇಕೆಂಬ ಗುರಿಯಿಲ್ಲ. ಇಬ್ಬರಿಗೂ ಸಮಾಧಾನವಾದ ಮೇಲಷ್ಟೇ ಮುಂದಿನ ಹಂತ. ಸಂಭೋಗವೇ ಬೇಡವೆಂದ ಮೇಲೆ ಸೋಲುವ ಪ್ರಶ್ನೆಯೇ ಇಲ್ಲವಲ್ಲ! ಭಯ ಇಳಿದಂತೆ ದೇಹ ತಾನಾಗಿಯೇ ಎಚ್ಚರಗೊಳ್ಳುತ್ತದೆ.

ಶೀಘ್ರ ಸ್ಖಲನಕ್ಕೆ: 1956ರಲ್ಲಿ ಡಾ. ಜೇಮ್ಸ್ ಸೀಮನ್ಸ್ ತಿಳಿಸಿದ "ನಿಲ್ಲಿಸಿ ಮುಂದುವರಿಸುವ" ಅಭ್ಯಾಸ ಇಂದಿಗೂ ಬಳಕೆಯಲ್ಲಿದೆ. ಸ್ಖಲನ ಸಮೀಪಿಸಿದೆ ಎನಿಸಿದಾಗ ಪ್ರಚೋದನೆ ನಿಲ್ಲಿಸಿ, ಆತುರ ಇಳಿದ ಮೇಲೆ ಮತ್ತೆ ಮುಂದುವರಿಸುವುದು. ಕೆಲವು ವಾರಗಳ ಅಭ್ಯಾಸದಿಂದ ದೇಹದ ಸೂಚನೆಯನ್ನು ಗುರುತಿಸುವುದು ರೂಢಿಯಾಗುತ್ತದೆ. ಬೇಕಾದರೆ ಮಾತ್ರೆ, ಮರಗಟ್ಟಿಸುವ ಮುಲಾಮು ಕೂಡ ಇವೆ. ಅವನ್ನು ವೈದ್ಯರ ಚೀಟಿಯ ಮೇಲೆಯೇ ತೆಗೆದುಕೊಳ್ಳಬೇಕು.

ಯೋನಿಯ ಬಿಗಿತಕ್ಕೆ: ಕೆಲವು ಹೆಂಗಸರಲ್ಲಿ ಸಂಭೋಗದ ಯತ್ನವಾದೊಡನೆ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಇದು ಹಟವಲ್ಲ, ಗಂಡನ ಮೇಲಿನ ದ್ವೇಷವೂ ಅಲ್ಲ. ಕಣ್ಣಿನ ಹತ್ತಿರ ಕೈ ತಂದರೆ ರೆಪ್ಪೆ ಮುಚ್ಚುವಂತೆ ಅದೊಂದು ರಕ್ಷಣೆಯ ಪ್ರತಿಕ್ರಿಯೆ. ಮದುವೆಯಾಗಿ ವರ್ಷಗಳಾದರೂ ಸಂಬಂಧ ನಡೆಯದೆ, ಕೊನೆಗೆ "ಮಕ್ಕಳಾಗಲಿಲ್ಲ" ಎಂದು ಆಸ್ಪತ್ರೆಗೆ ಬಂದಾಗ ಇದು ಗೊತ್ತಾಗುವುದುಂಟು. ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ, ಉಸಿರಾಟ, ನಂತರ ಆಕೆ ತನ್ನದೇ ಕೈಯಿಂದ ಬೆರಳು ಅಥವಾ ಸಣ್ಣದರಿಂದ ದೊಡ್ಡ ಅಳತೆಯ ನಯವಾದ ಕೊಳವೆ ಬಳಸಿ ನಿಧಾನವಾಗಿ ಅಭ್ಯಾಸ ಮಾಡುವುದು. ಯಾವಾಗ ನಿಲ್ಲಿಸಬೇಕೆಂಬುದು ಪೂರ್ತಿ ಆಕೆಯ ಕೈಯಲ್ಲಿರುತ್ತದೆ. ತಾಳ್ಮೆಯಿಂದ ಮಾಡಿದವರಲ್ಲಿ ಬಹುಪಾಲು ಜನರಿಗೆ ಗುಣ ಸಿಗುತ್ತದೆ.

ಹೆರಿಗೆಯ ನಂತರ ಮತ್ತು ಮುಟ್ಟು ನಿಂತ ಮೇಲೆ: ಹಾರ್ಮೋನ್ ಕಡಿಮೆಯಾಗಿ ಯೋನಿ ಒಣಗುವುದರಿಂದ ನೋವಾಗುತ್ತದೆ. ನೀರಿನಂಶದ ಜಾರುದ್ರವ ಔಷಧದಂಗಡಿಯಲ್ಲಿ ಸಿಗುತ್ತದೆ. ಮುಟ್ಟು ನಿಂತವರಿಗೆ ವೈದ್ಯರು ಹಾರ್ಮೋನ್ ಮುಲಾಮು ಬರೆದುಕೊಡಬಹುದು. ನಮ್ಮ ಕಡೆ ಮನೆಮನೆಯಲ್ಲೂ ತೆಂಗಿನೆಣ್ಣೆ ಇದೆ. ಆದರೆ ಕಾಂಡೋಮ್ ಬಳಸುವವರು ಎಣ್ಣೆ ಹಚ್ಚಬಾರದು, ರಬ್ಬರು ದುರ್ಬಲವಾಗಿ ಹರಿಯುತ್ತದೆ.

ನಿಮಿರುವಿಕೆಯ ಮಾತ್ರೆ: ಸಿಲ್ಡೆನಾಫಿಲ್ ಮೊದಲಾದ ಮಾತ್ರೆಗಳು ನಿಜಕ್ಕೂ ಉಪಯುಕ್ತ. ಆದರೆ ಮನಸ್ಸಿನಲ್ಲಿ ಆಸೆ, ಸ್ಪರ್ಶ ಇಲ್ಲದೆ ಅವು ಕೆಲಸ ಮಾಡುವುದಿಲ್ಲ. ಹೃದಯಕ್ಕಾಗಿ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು, ಅಂದರೆ ನಾಲಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥವನ್ನು ಬಳಸುವವರು, ಈ ಮಾತ್ರೆಯನ್ನು ಎಂದೂ ನುಂಗಬಾರದು. ಎರಡೂ ಸೇರಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಕ್ಕೆ ಅಪಾಯ. ಮಾತ್ರೆ ನುಂಗಿದ ಮೇಲೆ ಎದೆನೋವು ಬಂದರೆ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ನಿಮಿರುವಿಕೆ ನಾಲ್ಕು ತಾಸಿಗಿಂತ ಹೆಚ್ಚು ಇಳಿಯದಿದ್ದರೆ ಅದು ತುರ್ತು ಸ್ಥಿತಿ, ಕೂಡಲೇ ಆಸ್ಪತ್ರೆಗೆ ಬನ್ನಿ.

ಒಬ್ಬರೇ ಬರಬಹುದೇ?

ಬರಬಹುದು. ಮದುವೆಯಾಗದವರು, ಮದುವೆ ನಿಶ್ಚಯವಾಗಿ ಭಯಪಡುತ್ತಿರುವವರು, ಸಂಗಾತಿಯನ್ನು ಕಳೆದುಕೊಂಡವರು, ಸಂಗಾತಿ ಪರವೂರಲ್ಲಿರುವವರು, ಬರಲೊಪ್ಪದ ಸಂಗಾತಿಯಿರುವವರು ಒಬ್ಬರೇ ಬಂದು ಸಲಹೆ ಪಡೆಯಬಹುದು. ತಿಳಿವಳಿಕೆ, ಭಯ ನಿವಾರಣೆ, ಖಿನ್ನತೆಯ ಚಿಕಿತ್ಸೆ, ಬಾಲ್ಯದ ನೋವಿನ ಚಿಕಿತ್ಸೆ ಇವೆಲ್ಲ ಒಬ್ಬರಿಗೂ ಸಾಧ್ಯ. ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡುವ ಚಟ ಕೈಮೀರಿದೆ ಎನಿಸಿದವರೂ ಬರಬಹುದು.

ತಮ್ಮದೇ ಲಿಂಗದವರತ್ತ ಆಕರ್ಷಣೆ ಇರುವ ಮಕ್ಕಳನ್ನು "ಸರಿಮಾಡಿಕೊಡಿ" ಎಂದು ಕರೆತರುವ ತಂದೆ ತಾಯಂದಿರಿದ್ದಾರೆ. ಅದು ಕಾಯಿಲೆಯಲ್ಲ. ಅದನ್ನು ಬದಲಿಸುವ ಚಿಕಿತ್ಸೆಯೂ ಇಲ್ಲ. ಹಾಗೆ ಬದಲಿಸುತ್ತೇವೆನ್ನುವುದು ವೈದ್ಯರಿಗೆ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಅಂಥ ಮಕ್ಕಳಿಗೆ ಬಲವಂತದ ಮದುವೆ ಮಾಡಿದರೆ ಎರಡು ಜೀವಗಳು ನೋಯುತ್ತವೆ.

ದೂರ ಇರುವ ದಂಪತಿಗಳು

ಭಟ್ಕಳದ ಅನೇಕ ಮನೆಗಳ ಗಂಡಸರು ದುಬೈ, ಸೌದಿ ಮೊದಲಾದ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಹೊನ್ನಾವರ, ಕುಮಟಾದವರು ಮುಂಬಯಿ, ಗೋವಾ, ಬೆಂಗಳೂರಿನಲ್ಲಿರುತ್ತಾರೆ. ಮೀನುಗಾರ ಸಹೋದರರು ದಿನಗಟ್ಟಲೆ ಸಮುದ್ರದಲ್ಲಿದ್ದು, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳಲ್ಲಿ ಮಾತ್ರ ನಿರಾಳವಾಗಿ ಮನೆಯಲ್ಲಿರುತ್ತಾರೆ. ಇಂಥ ದಾಂಪತ್ಯಕ್ಕೆ ತನ್ನದೇ ಕಷ್ಟಗಳಿವೆ.

ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆಯ ಮೇಲೆ ಬಂದ ಗಂಡನಿಗೆ ಮೊದಲ ದಿನವೇ ಎಲ್ಲವೂ ಸರಿಯಾಗಬೇಕೆಂಬ ಆತುರ. ಹೆಂಡತಿಗೆ ಇಷ್ಟು ದಿನ ಒಬ್ಬಳೇ ಮನೆ ನಿಭಾಯಿಸಿದ ದಣಿವು, ಹೊಸಬನೆದುರು ನಿಂತಂಥ ಸಂಕೋಚ. ಮನೆ ತುಂಬ ನೆಂಟರು. ಜೊತೆಗೆ "ಈ ಸಲವಾದರೂ ಮಗು" ಎಂಬ ಹಿರಿಯರ ಒತ್ತಾಯ. ಮೊದಲ ವಾರ ಸೋತರೆ ಉಳಿದ ರಜೆಯೆಲ್ಲ ಮೌನದಲ್ಲೇ ಕಳೆಯುತ್ತದೆ. ಹಿಂತಿರುಗಿದ ಮೇಲೆ ಫೋನಿನಲ್ಲಿ ಮುನಿಸು, ಸಂಶಯ.

ಇಂಥವರಿಗೆ ಕೆಲವು ಸಲಹೆಗಳು. ಬರುವ ಮುಂಚಿನಿಂದಲೇ ಫೋನಿನಲ್ಲಿ ದುಡ್ಡು, ಮನೆ, ಮಕ್ಕಳ ಮಾತಿನ ಜೊತೆಗೆ ಮನಸ್ಸಿನ ಮಾತೂ ಇರಲಿ. ಬಂದ ಮೊದಲ ನಾಲ್ಕಾರು ದಿನ ಯಾವ ಗುರಿಯನ್ನೂ ಇಟ್ಟುಕೊಳ್ಳಬೇಡಿ. ಒಟ್ಟಿಗೆ ಕೂರುವುದು, ನಡೆದಾಡುವುದು, ಮಾತಾಡುವುದು ಸಾಕು. ತೊಂದರೆ ಇದೆಯೆಂದು ಗೊತ್ತಿದ್ದರೆ ರಜೆಯ ಕೊನೆಯ ವಾರ ಬರಬೇಡಿ, ಮೊದಲ ವಾರವೇ ಬನ್ನಿ. ಆಗ ಎರಡು ಮೂರು ಭೇಟಿಗೆ ಸಮಯ ಸಿಗುತ್ತದೆ. ಮಕ್ಕಳಾಗುವ ಪರೀಕ್ಷೆಗಳೂ ಅದೇ ರಜೆಯಲ್ಲಿ ಮುಗಿಯುತ್ತವೆ. ಹೊರಗಿದ್ದಾಗ ಅಸುರಕ್ಷಿತ ಸಂಪರ್ಕವಾಗಿದ್ದರೆ ಮುಚ್ಚಿಡದೆ ಮೊದಲು ಎಚ್.ಐ.ವಿ. ಮತ್ತು ಲೈಂಗಿಕ ಸೋಂಕುಗಳ ಪರೀಕ್ಷೆ ಮಾಡಿಸಿ. ಸರ್ಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ, ಗುಟ್ಟಾಗಿರುತ್ತದೆ. 1097 ಸಹಾಯವಾಣಿಯಲ್ಲಿ ಮಾಹಿತಿ ಸಿಗುತ್ತದೆ.

ಜೊತೆಗೆ ಬಂದ ಮನೆಯವರಿಗೆ

ಅತ್ತೆ, ಮಾವ, ಅಣ್ಣ, ಅತ್ತಿಗೆ ಯಾರೇ ಇರಲಿ, ನಿಮ್ಮಿಂದ ಬಹಳ ಸಹಾಯವಾಗಬಲ್ಲದು. ಹೊಸ ದಂಪತಿಗಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಿ. ತಿಂಗಳು ತಿಂಗಳು "ವಿಶೇಷ ಏನಾದರೂ ಉಂಟಾ?" ಎಂದು ಕೇಳಬೇಡಿ. ಸೊಸೆಯನ್ನಷ್ಟೇ ಆಸ್ಪತ್ರೆಗೆ ಕರೆತಂದು ಮಗನನ್ನು ಮನೆಯಲ್ಲಿ ಬಿಡಬೇಡಿ. ಡಾಕ್ಟರು ದಂಪತಿಗಳೊಂದಿಗೆ ಮಾತಾಡುವಾಗ ಹೊರಗೆ ಕುಳಿತಿರಿ. ಒಳಗೆ ಏನು ಮಾತಾಯಿತೆಂದು ಆಮೇಲೆ ಕೆದಕಬೇಡಿ. ತಾಯಿತ, ದೃಷ್ಟಿ ತೆಗೆಸುವುದರಲ್ಲಿ ತಿಂಗಳುಗಳನ್ನು ಕಳೆಯಬೇಡಿ.

ಬೇಗನೆ ಪಂಚಾಯಿತಿ, ವಿಚ್ಛೇದನದ ಮಾತೂ ಬೇಡ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನಪುಂಸಕತ್ವದಿಂದ ಸಂಬಂಧ ನಡೆಯದಿದ್ದರೆ ಮದುವೆ ರದ್ದುಪಡಿಸಲು ಅವಕಾಶವಿರುವುದು ನಿಜ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲೂ ಹೆಂಡತಿಗೆ ಈ ಕಾರಣದ ಮೇಲೆ ಬಿಡುಗಡೆ ಕೇಳುವ ಹಕ್ಕಿದೆ. ಆದರೆ ಅದೇ ಕಾಯ್ದೆ, ಗಂಡ ಕೋರಿದರೆ ತಾನು ಗುಣವಾಗಿರುವುದನ್ನು ತೋರಿಸಲು ಒಂದು ವರ್ಷದ ಅವಕಾಶ ಕೊಡುತ್ತದೆ. ಕಾನೂನೇ ಇಷ್ಟು ಕಾಯುವಾಗ ಮನೆಯವರು ನಾಲ್ಕು ತಿಂಗಳು ಕಾಯಬಾರದೇ? ಚಿಕಿತ್ಸೆಗೆ ಒಂದು ಅವಕಾಶ ಕೊಟ್ಟು ನೋಡಿ.

ಒಂದು ಮಾತು ಮಾತ್ರ ಬೇರೆ. ಹೆಂಡತಿಯ ಮೇಲೆ ಬಲವಂತ, ಹೊಡೆತ, ಹಿಂಸೆ ನಡೆಯುತ್ತಿದ್ದರೆ ಅದು ಕಾಯಿಲೆಯ ಪ್ರಶ್ನೆಯಲ್ಲ. "ಹೊಂದಿಕೊಂಡು ಹೋಗು" ಎನ್ನುವುದು ಅಲ್ಲಿ ಸಲ್ಲದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಲೈಂಗಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಹಿಂಸೆ ನಿಲ್ಲದೆ ಲೈಂಗಿಕ ಚಿಕಿತ್ಸೆ ಶುರುಮಾಡುವಂತಿಲ್ಲ.

ಜಾಹೀರಾತಿಗೆ ಮರುಳಾಗಬೇಡಿ

ಬಸ್ ನಿಲ್ದಾಣದ ಗೋಡೆ, ರೈಲಿನ ಡಬ್ಬಿ, ಈಗ ಮೊಬೈಲಿನ ಪರದೆ ಎಲ್ಲೆಡೆ "ಗ್ಯಾರಂಟಿ ಶಕ್ತಿ" ಕೊಡುವ ಜಾಹೀರಾತುಗಳಿವೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧದ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅಂದರೆ ಜಾಹೀರಾತು ಹಾಕಿದವನು ಮೊದಲ ಹೆಜ್ಜೆಯಲ್ಲೇ ಕಾನೂನು ಮುರಿದಿದ್ದಾನೆ. ಗಿಡಮೂಲಿಕೆ ಎಂದು ಮಾರುವ ಇಂಥ ಮಾತ್ರೆಗಳಲ್ಲಿ ಸಿಲ್ಡೆನಾಫಿಲ್‌ನಂಥ ಇಂಗ್ಲಿಷ್ ಔಷಧವನ್ನು ಗುಟ್ಟಾಗಿ ಬೆರೆಸಿದ್ದು ಹಲವು ಕಡೆ ಪತ್ತೆಯಾಗಿದೆ. ಹೃದ್ರೋಗಿಗಳಿಗೆ ಇದು ಎಷ್ಟು ಅಪಾಯವೆಂದು ಮೇಲೆ ಓದಿದ್ದೀರಿ.

ಎಲ್ಲಿ ವಿಚಾರಿಸಬೇಕು?

ಮೊದಲು ನಿಮ್ಮ ಹತ್ತಿರದ ವೈದ್ಯರನ್ನೇ ಕಾಣಿರಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಸರ್ಕಾರಿ ತಾಲೂಕು ಆಸ್ಪತ್ರೆಗಳಿವೆ. ಹೆಂಗಸರು ಸ್ತ್ರೀರೋಗ ತಜ್ಞರಿಂದ, ಗಂಡಸರು ಸಾಮಾನ್ಯ ವೈದ್ಯರಿಂದ ಆರಂಭಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ವಿಭಾಗಗಳಿವೆ. ಮುಖ ತೋರಿಸಲು ಸಂಕೋಚವಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಚಿಕಿತ್ಸಕರ ಅರ್ಹತೆ ವಿಚಾರಿಸಲು ಹಿಂಜರಿಯಬೇಡಿ. ಮನೋವೈದ್ಯರಾದರೆ ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಪಿ.ಎಂ. ಮೊದಲಾದ ಅರ್ಹತೆ ಇರಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. "ಗುಪ್ತರೋಗ ತಜ್ಞ" ಎಂಬ ಬೋರ್ಡು ಅರ್ಹತೆಯಲ್ಲ.

ಬರುವಾಗ ತನ್ನಿ: ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು, ಹಳೆಯ ರಕ್ತಪರೀಕ್ಷೆಯ ಚೀಟಿಗಳು, ಹೆರಿಗೆ ಅಥವಾ ಆಪರೇಷನ್ನಿನ ದಾಖಲೆ. ಚೀಟಿ ಮಾಡಿಸುವ ಕೌಂಟರಿನಲ್ಲಿ ಕಾರಣವನ್ನು ವಿವರಿಸಬೇಕಾಗಿಲ್ಲ. "ಡಾಕ್ಟರ ಹತ್ತಿರ ಒಂಟಿಯಾಗಿ ಮಾತಾಡಬೇಕು" ಎಂದರೆ ಸಾಕು. ಒಳಗೆ ಹೋದ ಮೇಲೆ ಮಾತು ಹೊರಡದಿದ್ದರೆ ಒಂದು ಹಾಳೆಯಲ್ಲಿ ಬರೆದು ಕೊಡಿ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಮಾನಸಿಕ ಆರೋಗ್ಯ ಚಿಕಿತ್ಸೆಯಲ್ಲಿ ಗೌಪ್ಯತೆ 2017ರ ಕಾಯ್ದೆ ಕೊಟ್ಟ ಹಕ್ಕು.

ನೆನಪಿಡಿ

ತೊಂದರೆ ಶುರುವಾಗಿ ಎಷ್ಟು ಬೇಗ ಬಂದರೆ ಅಷ್ಟು ಸುಲಭವಾಗಿ ಗುಣವಾಗುತ್ತದೆ. ತಪ್ಪು ಯಾರದೆಂದು ಹುಡುಕಬೇಡಿ, ದಾರಿ ಯಾವುದೆಂದು ಇಬ್ಬರೂ ಕೂಡಿ ಹುಡುಕಿ. ಒಬ್ಬರು ಬರಲು ಒಪ್ಪದಿದ್ದರೆ ಇನ್ನೊಬ್ಬರಾದರೂ ಬನ್ನಿ. ಈ ಹಾಳೆಯನ್ನು ಓದಿದ ಮೇಲೆ ಎಸೆಯಬೇಡಿ, ಮನೆಗೆ ಒಯ್ಯಿರಿ. ನೇರವಾಗಿ ಹೇಳಲಾಗದ್ದನ್ನು ಇದನ್ನು ಸಂಗಾತಿಯ ಕೈಗಿಟ್ಟು ಹೇಳಬಹುದು.